ಪರವಾನಗಿಯಡಿ ಪಡೆದ ಸಂಶೋಧನಾ ಮಾಹಿತಿ: ಕಾಪಾಡುವ ಹೊಣೆ ಪಡೆದವರದೇ

ಕನ್‌ಸೈನ್‌ಮೆಂಟ್ ಆಧಾರದ ಮೇಲೆ ಬಂದ ಸರಕು ವರ್ತಕನ ಗೋದಾಮಿನಲ್ಲಿರುತ್ತದೆ. ಆದರೆ ಅದು ಅವನ ದಾಸ್ತಾನಲ್ಲ. ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಅದನ್ನು ತನ್ನದೆಂದು ಸೇರಿಸುವಂತಿಲ್ಲ. ಮಾಲೀಕರು ವಿಧಿಸಿದ ಷರತ್ತಿಗೆ ಹೊರತಾಗಿ ವಿಲೇವಾರಿ ಮಾಡುವಂತಿಲ್ಲ. ಕೇಳಿದ ದಿನ ಲೆಕ್ಕ ಒಪ್ಪಿಸಲೇಬೇಕು. ಈ ಕಟ್ಟುಪಾಡು ವ್ಯಾಪಾರಸ್ಥರಿಗೆ ತಲೆತಲಾಂತರದಿಂದ ಪರಿಚಿತವಾದುದು. ಪರವಾನಗಿ ಒಪ್ಪಂದದ ಮೂಲಕ ಕೈಸೇರುವ ತಾಂತ್ರಿಕ ಜ್ಞಾನ, ಸಂಶೋಧನಾ ದತ್ತಾಂಶ, ತಯಾರಿಕಾ ಸೂತ್ರ, ನಕ್ಷೆ ಇತ್ಯಾದಿಗಳ ವಿಷಯದಲ್ಲಿ ಮಾತ್ರ ಇದೇ ಎಚ್ಚರ ಅನೇಕ ಸಣ್ಣ ಉದ್ಯಮಗಳಲ್ಲಿ ಕಂಡುಬರುವುದಿಲ್ಲ. ಶುಲ್ಕ ಪಾವತಿಸಿದ ಮೇಲೆ ಮಾಹಿತಿ ತಮ್ಮದೇ ಆಯಿತೆಂಬ ಭಾವನೆ ಸಹಜವಾಗಿಯೇ ಬೆಳೆಯುತ್ತದೆ. ವಾಸ್ತವದಲ್ಲಿ ಪರವಾನಗಿ ಶುಲ್ಕದಿಂದ ದೊರೆಯುವುದು ಬಳಕೆಯ ಹಕ್ಕು ಮಾತ್ರ. ಒಡೆತನವು ನೀಡಿದವರಲ್ಲಿಯೇ ಉಳಿಯುತ್ತದೆ.

ಸರಕಿಗೂ ಮಾಹಿತಿಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಗೋದಾಮಿನಿಂದ ಸರಕು ಕಳುವಾದರೆ ಎಣಿಕೆಯಲ್ಲಿ ಕಡಿಮೆ ಬರುತ್ತದೆ. ಮಾಹಿತಿ ಕಳುವಾದರೆ ಕಡತ ಇದ್ದಲ್ಲಿಯೇ ಇರುತ್ತದೆ, ಕಂಪ್ಯೂಟರಿನ ಫೈಲೂ ಹಾಗೆಯೇ ಇರುತ್ತದೆ. ಮಾರುಕಟ್ಟೆಯಲ್ಲಿ ಸ್ಪರ್ಧಿಯ ಪದಾರ್ಥ ಕಾಣಿಸಿಕೊಂಡಾಗಲೇ ಮಾಲೀಕರಿಗೆ ಅರಿವಾಗುತ್ತದೆ. ಆದ್ದರಿಂದ ಇದರ ಕಾವಲು ಸರಕಿನ ಕಾವಲಿಗಿಂತಲೂ ಬಿಗಿಯಾಗಿರಬೇಕಾಗುತ್ತದೆ.

ಕರ್ನಾಟಕದ ಉದ್ಯಮಿಗಳಿಗೆ ಇದು ದೂರದ ವಿಷಯವೇನಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ತಾನು ರೂಪಿಸಿದ ಪ್ರಕ್ರಿಯೆಗಳನ್ನು ಉದ್ಯಮಗಳಿಗೆ ಪರವಾನಗಿಯ ಮೂಲಕ ವರ್ಗಾಯಿಸುತ್ತ ಬಂದಿದೆ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಮೈಸೂರಿನ ಈ ಪ್ರಯೋಗಾಲಯದಿಂದ ಹೊರಟು ಗುಜರಾತಿನ ಆನಂದದ ಸಹಕಾರಿ ಡೇರಿಯಲ್ಲಿ ಉತ್ಪಾದನೆಗೆ ಬಂದುದು ಪ್ರಸಿದ್ಧ ಸಂಗತಿ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವುಗಳಿಂದಲೂ ಉದ್ಯಮಿಗಳು ತಂತ್ರಜ್ಞಾನ ಪಡೆಯುತ್ತಿದ್ದಾರೆ. 1953ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಕಾರ್ಯವೇ ಪ್ರಯೋಗಾಲಯದ ಫಲಗಳನ್ನು ಕಾರ್ಖಾನೆಗೆ ತಲುಪಿಸುವುದು. ಇವಲ್ಲದೆ, ದೊಡ್ಡ ಕಂಪನಿಗಳಿಗೆ ಬಿಡಿಭಾಗ ತಯಾರಿಸಿಕೊಡುವ ನೂರಾರು ಘಟಕಗಳು ಆ ಕಂಪನಿಗಳ ನಕ್ಷೆ, ಪರೀಕ್ಷಾ ದತ್ತಾಂಶಗಳನ್ನು ಇಟ್ಟುಕೊಂಡೇ ಕೆಲಸ ಮಾಡುತ್ತವೆ. ಈ ಎಲ್ಲ ಒಪ್ಪಂದಗಳಲ್ಲಿಯೂ ಗೋಪ್ಯತೆಯ ಷರತ್ತು ಇದ್ದೇ ಇರುತ್ತದೆ. ಸಹಿ ಹಾಕುವಾಗ ಹೆಚ್ಚಿನವರು ಓದುವುದು ಶುಲ್ಕ ಮತ್ತು ರಾಯಧನದ ಪುಟವನ್ನು ಮಾತ್ರ.

ಯಾವುದು ಗೋಪ್ಯ ಮಾಹಿತಿ?

ಪೇಟೆಂಟ್ ಮತ್ತು ಗೋಪ್ಯ ಮಾಹಿತಿ ಇವೆರಡನ್ನೂ ಒಂದೇ ಎಂದು ಭಾವಿಸುವುದು ಸರಿಯಲ್ಲ. ಪೇಟೆಂಟ್ ಪಡೆಯಬೇಕಾದರೆ ಆವಿಷ್ಕಾರದ ವಿವರವನ್ನು ಪ್ರಕಟಪಡಿಸಬೇಕು. ಅದಕ್ಕೆ ಪ್ರತಿಯಾಗಿ ಕಾನೂನು 20 ವರ್ಷಗಳ ಏಕಸ್ವಾಮ್ಯವನ್ನು ನೀಡುತ್ತದೆ. ಗೋಪ್ಯ ಮಾಹಿತಿಗೆ ಕಾಲಮಿತಿಯಿಲ್ಲ, ನೋಂದಣಿಯೂ ಇಲ್ಲ. ಅದು ಗುಟ್ಟಾಗಿ ಉಳಿದಿರುವವರೆಗೆ ಮಾತ್ರ ಅದಕ್ಕೆ ಬೆಲೆ. ಪೇಟೆಂಟ್ ಪಡೆದ ಪ್ರಕ್ರಿಯೆಯಲ್ಲಿಯೂ ಬೆರಕೆಯ ಸೂಕ್ಷ್ಮ ಪ್ರಮಾಣ, ಉಷ್ಣಾಂಶದ ಹಂತಗಳು, ವಿಫಲವಾದ ಪ್ರಯೋಗಗಳ ದಾಖಲೆ, ಬಾಳಿಕೆ ಪರೀಕ್ಷೆಯ ಅಂಕಿಅಂಶ ಇವು ಪ್ರಕಟವಾಗದೆ ಉಳಿದಿರುತ್ತವೆ. ಪರವಾನಗಿಯೊಂದಿಗೆ ಬರುವ ತಾಂತ್ರಿಕ ಕಡತದಲ್ಲಿ ನಿಜವಾಗಿ ಬೆಲೆಬಾಳುವುದು ಈ ಭಾಗವೇ. ಹೀಗೆ ಮಾಡಿದರೆ ಕೆಡುತ್ತದೆ ಎಂಬುದು ತಿಳಿದಿದ್ದರೆ ಸ್ಪರ್ಧಿಗೆ ವರ್ಷಗಟ್ಟಲೆ ಪ್ರಯೋಗದ ಖರ್ಚು ಉಳಿಯುತ್ತದೆ.

ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 39ನೆಯ ವಿಧಿಯು ರಕ್ಷಣೆಗೆ ಅರ್ಹವಾದ ಮಾಹಿತಿಗೆ ಮೂರು ಲಕ್ಷಣಗಳನ್ನು ಹೇಳಿದೆ. ಮೊದಲನೆಯದಾಗಿ, ಆ ಕ್ಷೇತ್ರದಲ್ಲಿರುವವರಿಗೆ ಅದು ಸಾಮಾನ್ಯವಾಗಿ ತಿಳಿದಿರಬಾರದು ಅಥವಾ ಸುಲಭವಾಗಿ ದೊರೆಯುವಂತಿರಬಾರದು. ಎರಡನೆಯದಾಗಿ, ಗುಟ್ಟಾಗಿರುವ ಕಾರಣದಿಂದಲೇ ಅದಕ್ಕೆ ವಾಣಿಜ್ಯ ಮೌಲ್ಯವಿರಬೇಕು. ಮೂರನೆಯದಾಗಿ, ಅದನ್ನು ಗುಟ್ಟಾಗಿಡಲು ಅದು ಯಾರ ಅಧೀನದಲ್ಲಿದೆಯೋ ಅವರು ಸಂದರ್ಭಕ್ಕೆ ತಕ್ಕ ಕ್ರಮಗಳನ್ನು ಕೈಗೊಂಡಿರಬೇಕು. ಭಾರತವು 1995ರಿಂದ ಈ ಸಂಸ್ಥೆಯ ಸದಸ್ಯ ರಾಷ್ಟ್ರವಾಗಿದೆ. ಮೂರರಲ್ಲಿ ಸಣ್ಣ ಉದ್ಯಮಿಯು ಎಡವುವುದು ಕೊನೆಯದರಲ್ಲಿ. ಮೇಜಿನ ಮೇಲೆ ತೆರೆದಿಟ್ಟ ಸೂತ್ರವನ್ನು ನ್ಯಾಯಾಲಯದಲ್ಲಿ ರಹಸ್ಯವೆಂದು ವಾದಿಸುವುದು ಕಷ್ಟ.

ಕಲ್ಯಾಣದ ಟೈರ್ ಕಾರ್ಡ್ ಪ್ರಕರಣ

ಪರವಾನಗಿಯಡಿ ಬಂದ ಮಾಹಿತಿಯನ್ನು ಹೇಗೆ ಕಾಪಾಡಬೇಕೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉತ್ತಮ ಉದಾಹರಣೆಯೊಂದಿದೆ. ಅದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಮಾನಿಸಿದ ನಿರಂಜನ ಶಂಕರ ಗೋಲಿಕರಿ ವಿರುದ್ಧ ಸೆಂಚುರಿ ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಪ್ರಕರಣ.

ಸೆಂಚುರಿ ಕಂಪನಿಯು ಮುಂಬಯಿ ಸಮೀಪದ ಕಲ್ಯಾಣದಲ್ಲಿ ಟೈರುಗಳಿಗೆ ಬೇಕಾಗುವ ಕಾರ್ಡ್ ನೂಲಿನ ಘಟಕವನ್ನು ಸ್ಥಾಪಿಸಲು ಹಾಲೆಂಡಿನ ಎಕೆಯು ಎಂಬ ಕಂಪನಿ ಹಾಗೂ ಜರ್ಮನಿಯ ಸಂಸ್ಥೆಯೊಂದರೊಡನೆ ಒಪ್ಪಂದ ಮಾಡಿಕೊಂಡಿತು. 1,40,000 ಜರ್ಮನ್ ಮಾರ್ಕ್‌ಗಳ ಪ್ರತಿಫಲಕ್ಕೆ ವಿದೇಶೀ ಸಂಸ್ಥೆಗಳು ತಮ್ಮ ತಾಂತ್ರಿಕ ಜ್ಞಾನವನ್ನು ನೀಡಲು ಒಪ್ಪಿದವು. ಅದಕ್ಕೆ ಅವು ವಿಧಿಸಿದ ಷರತ್ತಿನಲ್ಲಿ ಎರಡು ಭಾಗಗಳಿದ್ದವು. ಸೆಂಚುರಿ ಕಂಪನಿಯು ಮಾಹಿತಿಯನ್ನು ಗುಟ್ಟಾಗಿಡಬೇಕು ಎಂಬುದು ಮೊದಲನೆಯದು. ತನ್ನ ನೌಕರರಿಂದಲೂ ಅದೇ ಬಗೆಯ ಗೋಪ್ಯತಾ ಕರಾರನ್ನು ಬರೆಸಿಕೊಳ್ಳಬೇಕು ಎಂಬುದು ಎರಡನೆಯದು.

ಕಂಪನಿಯು ಎರಡನೆಯ ಭಾಗವನ್ನೂ ಶ್ರದ್ಧೆಯಿಂದ ಪಾಲಿಸಿತು. 1963ರಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿ ನೇಮಕಗೊಂಡ ನೌಕರರೊಬ್ಬರೊಡನೆ 5 ವರ್ಷಗಳ ಕರಾರು ಮಾಡಿಕೊಂಡಿತು. ಕೆಲಸದ ಅವಧಿಯಲ್ಲಿಯೂ ಅನಂತರವೂ ತಾಂತ್ರಿಕ ಮಾಹಿತಿಯನ್ನು ಹೊರಗೆಡಹಬಾರದು, 5 ವರ್ಷ ತುಂಬುವ ಮೊದಲೇ ಬಿಟ್ಟರೆ ಉಳಿದ ಅವಧಿಯಲ್ಲಿ ಅದೇ ಬಗೆಯ ಉದ್ಯಮದಲ್ಲಿ ತೊಡಗಬಾರದು ಎಂಬ ಷರತ್ತುಗಳು ಅದರಲ್ಲಿದ್ದವು. ತರಬೇತಿ ಪಡೆದ ಈ ನೌಕರರು 1964ರಲ್ಲಿ ಕೆಲಸ ತೊರೆದು, ಕೋಟಾದಲ್ಲಿದ್ದ ರಾಜಸ್ಥಾನ್ ರೇಯಾನ್ ಕಂಪನಿಗೆ ಹೆಚ್ಚಿನ ಸಂಬಳಕ್ಕೆ ಸೇರಿದರು. ಅದೂ ಟೈರ್ ಕಾರ್ಡ್ ನೂಲನ್ನು ತಯಾರಿಸುವ ಕಂಪನಿಯೇ. ಸೆಂಚುರಿ ಕಂಪನಿ ದಾವೆ ಹೂಡಿತು.

ಕರಾರು ತಮ್ಮ ಜೀವನೋಪಾಯಕ್ಕೆ ಅಡ್ಡಿ, ಆದ್ದರಿಂದ ಭಾರತೀಯ ಕರಾರು ಅಧಿನಿಯಮ 1872ರ 27ನೆಯ ಪ್ರಕರಣದಂತೆ ಅಸಿಂಧು ಎಂಬುದು ನೌಕರರ ವಾದವಾಗಿತ್ತು. ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಉದ್ಯೋಗದ ಅವಧಿಗೆ ಸೀಮಿತವಾದ ನಿರ್ಬಂಧವು ಸಾಮಾನ್ಯವಾಗಿ ವ್ಯಾಪಾರ ನಿರ್ಬಂಧವೆನಿಸದು. ಕರಾರಿನ ಉಳಿದ ಅವಧಿಗೆ ಮತ್ತು ಅದೇ ಬಗೆಯ ಕೆಲಸಕ್ಕೆ ಮಾತ್ರ ಅನ್ವಯಿಸುವ ತಡೆಯಾಜ್ಞೆ ನ್ಯಾಯಯುತವಾದುದು ಎಂದು ತೀರ್ಪು ನೀಡಿತು. ಬೇರೆ ಬಗೆಯ ಉದ್ಯೋಗ ಮಾಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಈ ತೀರ್ಪನ್ನು ನೌಕರರ ಕರಾರಿನ ಪ್ರಕರಣವೆಂದೇ ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ತಂತ್ರಜ್ಞಾನ ಪಡೆಯುವ ಉದ್ಯಮಿಗೆ ಅದರಲ್ಲಿ ಇನ್ನೊಂದು ಪಾಠವಿದೆ. ಸೆಂಚುರಿ ಕಂಪನಿಯು ವಿದೇಶೀ ಸಂಸ್ಥೆಗೆ ಕೊಟ್ಟ ಮಾತನ್ನು ಶಿಫ್ಟ್ ಸೂಪರ್‌ವೈಸರ್‌ನ ಮಟ್ಟದವರೆಗೂ ಬರಹದಲ್ಲಿ ಇಳಿಸಿತ್ತು. ಒಂದು ವೇಳೆ ಆ ಕರಾರು ಇಲ್ಲದೇ ಇದ್ದಿದ್ದರೆ, ನೌಕರರ ವಿರುದ್ಧದ ದಾವೆ ದುರ್ಬಲವಾಗುತ್ತಿತ್ತು. ಜೊತೆಗೆ ತಂತ್ರಜ್ಞಾನ ನೀಡಿದವರಿಗೆ ಸೆಂಚುರಿ ಕಂಪನಿಯೇ ಉತ್ತರ ಹೇಳಬೇಕಾದ ಸ್ಥಿತಿ ಬರುತ್ತಿತ್ತು. ಗೋಪ್ಯತೆಯ ಸರಪಳಿಯು ಮಾಲೀಕರ ಸಹಿಯೊಂದಿಗೆ ಮುಗಿಯದೆ, ಯಂತ್ರದ ಬಳಿ ನಿಂತು ಕೆಲಸ ಮಾಡುವವರವರೆಗೂ ಸಾಗಬೇಕು.

ಬಿಡಿಭಾಗ ಪೂರೈಸುವವರ ಹೊಣೆ

ಎರಡನೆಯ ಪ್ರಕರಣ 1987ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ನಿರ್ಧರಿಸಿದ್ದು. ಜಾನ್ ರಿಚರ್ಡ್ ಬ್ರೇಡಿ ಎಂಬ ಅಮೆರಿಕದ ಎಂಜಿನಿಯರ್, ಹೊರಗಿನ ಹವಾಮಾನ ಹೇಗೇ ಇದ್ದರೂ ವರ್ಷವಿಡೀ ಹಸಿರು ಮೇವನ್ನು ಬೆಳೆಯಬಲ್ಲ ಘಟಕವೊಂದನ್ನು ರೂಪಿಸಿದ್ದರು. ಅದನ್ನು ಭಾರತದಲ್ಲಿ ತಯಾರಿಸುವ ಉದ್ದೇಶದಿಂದ, ಅದಕ್ಕೆ ಬೇಕಾದ ಉಷ್ಣನಿರೋಧಕ ಫಲಕಗಳನ್ನು ಪೂರೈಸಲು ಇಲ್ಲಿನ ತಯಾರಕರೊಬ್ಬರನ್ನು ಸಂಪರ್ಕಿಸಿ, ನಕ್ಷೆ ಹಾಗೂ ತಾಂತ್ರಿಕ ವಿವರಗಳನ್ನು ಒದಗಿಸಿದರು. ಫಲಕಗಳ ವ್ಯವಹಾರ ಕುದುರಲಿಲ್ಲ. ಅನಂತರ ಆ ತಯಾರಕರು ತಾವೇ ಮೇವಿನ ಘಟಕಗಳನ್ನು ತಯಾರಿಸಲು ಮುಂದಾದುದು ತಿಳಿದುಬಂದಿತು. ವಿಶ್ವಾಸದಿಂದ ಕೊಟ್ಟ ಮಾಹಿತಿಯನ್ನು ಬೇರೆ ಉದ್ದೇಶಕ್ಕೆ ಬಳಸುವುದು ನ್ಯಾಯವಲ್ಲವೆಂಬ ತತ್ತ್ವವನ್ನು ಆಧರಿಸಿ ನ್ಯಾಯಾಲಯ ಅವರಿಗೆ ತಡೆಯಾಜ್ಞೆ ನೀಡಿತು. ಕರಾರಿನ ಅಕ್ಷರಗಳನ್ನಷ್ಟೇ ನೆಚ್ಚಿಕೊಳ್ಳದೆ, ವಿಶ್ವಾಸದ ಸಂಬಂಧದಿಂದಲೇ ಹೊಣೆ ಹುಟ್ಟುತ್ತದೆ ಎಂಬುದು ಈ ತೀರ್ಪಿನ ಸಾರ.

ಜಾಬ್‌ವರ್ಕ್ ಮಾಡುವ ಘಟಕಗಳು ಈ ತೀರ್ಪನ್ನು ನೆನಪಿನಲ್ಲಿಡಬೇಕು. ಆರ್ಡರ್ ಕೈತಪ್ಪಿತೆಂದ ಮಾತ್ರಕ್ಕೆ ಕೊಟೇಶನ್ನಿಗಾಗಿ ಕಳುಹಿಸಿದ್ದ ನಕ್ಷೆ ತಯಾರಕನದಾಗುವುದಿಲ್ಲ. ಅದೇ ರೀತಿ, ಪರವಾನಗಿ ಪಡೆದ ಉದ್ಯಮಿಯು ತನ್ನ ಡೈ, ಮೌಲ್ಡ್ ಅಥವಾ ಪ್ಯಾಕಿಂಗ್ ಕೆಲಸವನ್ನು ಹೊರಗೆ ಕೊಡುವಾಗ ಪೂರ್ಣ ವಿವರವನ್ನು ಹಸ್ತಾಂತರಿಸುವ ಅಗತ್ಯವಿದೆಯೇ ಎಂಬುದನ್ನು ಯೋಚಿಸಬೇಕು.

ಇನ್ನೊಂದು ಬದಿಯನ್ನೂ ಹೇಳಬೇಕಾಗುತ್ತದೆ. ಎಲ್ಲವೂ ರಹಸ್ಯವೆನಿಸದು. ನಿತ್ಯದ ವ್ಯವಹಾರದಲ್ಲಿ ಹಲವರಿಗೆ ತಿಳಿದಿರುವ ಸಂಗತಿಗಳನ್ನು ವ್ಯಾಪಾರ ರಹಸ್ಯವೆನ್ನಲಾಗದೆಂದು ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಹೇಳಿದೆ. ಕುಶಲ ಕಾರ್ಮಿಕನು ವರ್ಷಗಳ ದುಡಿಮೆಯಿಂದ ಗಳಿಸಿದ ಕೈಚಳಕ ಅವನದೇ. ನೌಕರನು ಕೆಲಸ ಬಿಟ್ಟ ಮೇಲೂ ಬೇರೆಲ್ಲಿಯೂ ದುಡಿಯಬಾರದೆಂದು ಬರೆಸಿಕೊಂಡರೆ ಅದು 27ನೆಯ ಪ್ರಕರಣದ ಮುಂದೆ ನಿಲ್ಲುವುದಿಲ್ಲ. ನಿರ್ದಿಷ್ಟ ಮಾಹಿತಿಯನ್ನು ಗುರುತಿಸಿ, ಅದನ್ನು ಹೊರಗೆಡಹಬಾರದೆಂದು ಬರೆಸಿಕೊಳ್ಳುವುದು ಸರಿಯಾದ ಮಾರ್ಗ.

ಕಾನೂನಿನ ನೆಲೆ

ವ್ಯಾಪಾರ ರಹಸ್ಯಗಳಿಗೆಂದೇ ಪ್ರತ್ಯೇಕ ಅಧಿನಿಯಮ ಭಾರತದಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ಭಾರತದ ಕಾನೂನು ಆಯೋಗವು ತನ್ನ 289ನೆಯ ವರದಿಯಲ್ಲಿ ಇಂತಹ ಕಾಯಿದೆಯ ಅಗತ್ಯವನ್ನು ಪ್ರತಿಪಾದಿಸಿ, ಕರಡು ಮಸೂದೆಯನ್ನೂ ಸಿದ್ಧಪಡಿಸಿಕೊಟ್ಟಿತು. ಪ್ರತ್ಯೇಕ ಕಾಯಿದೆ ಇಲ್ಲದಿರುವಾಗ ಆಧಾರವಾಗಿ ಉಳಿಯುವುದು ಕರಾರು ಕಾನೂನು ಮತ್ತು ನ್ಯಾಯಾಲಯಗಳು ರೂಪಿಸಿದ ತತ್ತ್ವಗಳು. ಅಂದರೆ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದಕ್ಕೆ ಇಲ್ಲಿ ಹೆಚ್ಚಿನ ತೂಕ.

ಕರಾರು ಮುರಿದರೆ 73ನೆಯ ಪ್ರಕರಣದಂತೆ ನಷ್ಟಪರಿಹಾರ ಕೇಳಬಹುದು. ಒಪ್ಪಂದದಲ್ಲಿಯೇ ಮೊತ್ತವನ್ನು ನಮೂದಿಸಿದ್ದರೆ, 74ನೆಯ ಪ್ರಕರಣದಂತೆ ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರ ದೊರೆಯುತ್ತದೆ. ಹೊರಗೆಡಹಬಾರದೆಂಬ ನಿಷೇಧಾತ್ಮಕ ಷರತ್ತನ್ನು ಪಾಲಿಸುವಂತೆ ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ 42ನೆಯ ಪ್ರಕರಣದಡಿ ತಡೆಯಾಜ್ಞೆ ಕೋರಬಹುದು. ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ದತ್ತಾಂಶವನ್ನು ಇಳಿಸಿಕೊಂಡರೆ ಅಥವಾ ನಕಲು ಮಾಡಿದರೆ ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ದ 43ನೆಯ ಪ್ರಕರಣದಂತೆ ಪರಿಹಾರ ಕೊಡಬೇಕಾಗುತ್ತದೆ. ದುರುದ್ದೇಶವಿದ್ದಲ್ಲಿ 66ನೆಯ ಪ್ರಕರಣದಂತೆ 3 ವರ್ಷಗಳವರೆಗಿನ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಂಪ್ಯೂಟರ್ ವ್ಯವಸ್ಥೆಗೆ ಕನ್ನ ಬಿದ್ದಾಗ ಅಥವಾ ದತ್ತಾಂಶ ಸೋರಿಕೆಯಾದಾಗ, ವಿಷಯ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಕಂಪನಿಗಳು ಈ ನಿರ್ದೇಶನದ ವ್ಯಾಪ್ತಿಗೆ ಒಳಪಡುತ್ತವೆ.

ಇಷ್ಟೆಲ್ಲ ಅವಕಾಶಗಳಿದ್ದರೂ ಒಂದು ವಾಸ್ತವವನ್ನು ಮರೆಯಲಾಗದು. ತಡೆಯಾಜ್ಞೆಯು ಮುಂದಿನ ಬಳಕೆಯನ್ನು ನಿಲ್ಲಿಸಬಲ್ಲದು. ಹೊರಗೆ ಹೋದ ಮಾಹಿತಿಯನ್ನು ಮರಳಿ ಗುಟ್ಟಾಗಿಸಲಾರದು.

ಸಹಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಪರವಾನಗಿ ಪಡೆಯುವ ಉದ್ಯಮಿಯು ಒಪ್ಪಂದದಲ್ಲಿ ಕನಿಷ್ಠ ಈ ಅಂಶಗಳನ್ನು ನೋಡಿಕೊಳ್ಳಬೇಕು.

1. ವ್ಯಾಖ್ಯೆ: ಯಾವುದು ಗೋಪ್ಯ ಎಂಬುದಕ್ಕೆ ಸ್ಪಷ್ಟವಾದ ಪಟ್ಟಿ ಇರಲಿ. ಕೊಟ್ಟ ಎಲ್ಲ ಮಾಹಿತಿಯೂ ಗೋಪ್ಯ ಎಂಬ ಒಕ್ಕಣೆ ಪಾಲಿಸಲು ಅಸಾಧ್ಯವಾದ ಹೊಣೆಯನ್ನು ಹೊರಿಸುತ್ತದೆ. ಪುಟಗಳ ಸಂಖ್ಯೆಯೊಡನೆ ಅನುಬಂಧವನ್ನು ಸೇರಿಸುವುದು ಮೇಲು.

2. ವಿನಾಯಿತಿಗಳು: ಮೊದಲೇ ಉದ್ಯಮಿಗೆ ತಿಳಿದಿದ್ದ, ಸಾರ್ವಜನಿಕವಾಗಿ ಲಭ್ಯವಿರುವ ಹಾಗೂ ಸ್ವತಂತ್ರವಾಗಿ ಕಂಡುಕೊಂಡ ಮಾಹಿತಿಯನ್ನು ಹೊರತುಪಡಿಸಿರಬೇಕು. ಲೆಕ್ಕಪರಿಶೋಧಕರು, ಬ್ಯಾಂಕು, ತೆರಿಗೆ ಇಲಾಖೆ, ಪರವಾನಗಿ ಪ್ರಾಧಿಕಾರಗಳು ಕಾನೂನಿನಂತೆ ಕೇಳುವ ಮಾಹಿತಿಯನ್ನು ಒದಗಿಸಲು ಅವಕಾಶ ಇರಬೇಕು. ಈ ಸಾಲು ಇಲ್ಲದಿದ್ದರೆ ಕಾನೂನು ಪಾಲಿಸುವುದೇ ಕರಾರಿನ ಉಲ್ಲಂಘನೆಯಾಗುವ ವಿಚಿತ್ರ ಸ್ಥಿತಿ ಒದಗಬಹುದು.

3. ಯಾರಿಗೆ ತಿಳಿಸಬಹುದು: ನೌಕರರು, ಜಾಬ್‌ವರ್ಕ್ ಘಟಕಗಳು, ಸಲಹೆಗಾರರು ಇವರಿಗೆ ತಿಳಿಸುವ ಅನುಮತಿ ಮತ್ತು ಅವರಿಂದ ಬರೆಸಿಕೊಳ್ಳಬೇಕಾದ ಮುಚ್ಚಳಿಕೆಯ ನಮೂನೆ.

4. ಅವಧಿ: ಪರವಾನಗಿ ಮುಗಿದ ಮೇಲೆ ಗೋಪ್ಯತೆಯ ಹೊಣೆ ಎಷ್ಟು ಕಾಲ ಮುಂದುವರಿಯುತ್ತದೆ ಎಂಬುದು.

5. ಸುಧಾರಣೆಗಳು: ಉತ್ಪಾದನೆಯ ಅನುಭವದಿಂದ ಉದ್ಯಮಿಯೇ ಕಂಡುಕೊಂಡ ಸುಧಾರಣೆ ಯಾರದು ಎಂಬುದು.

6. ನಷ್ಟಭರ್ತಿಯ ಮಿತಿ: ಇದು ಎಲ್ಲಕ್ಕಿಂತ ಮುಖ್ಯ.

ಕೊನೆಯ ಅಂಶಕ್ಕೆ ಸ್ವಲ್ಪ ವಿವರಣೆ ಅಗತ್ಯ. ಪೀಣ್ಯದ ಪಾಲುದಾರಿಕೆ ಸಂಸ್ಥೆಯೊಂದು 5 ಲಕ್ಷ ರೂಪಾಯಿ ಶುಲ್ಕ ಕೊಟ್ಟು ತಂತ್ರಜ್ಞಾನ ಪಡೆಯಿತೆಂದು ಭಾವಿಸೋಣ. ಸೋರಿಕೆಯಿಂದ ಆಗುವ ಸಮಸ್ತ ನಷ್ಟವನ್ನೂ ತುಂಬಿಕೊಡುವುದಾಗಿ ಒಪ್ಪಂದದಲ್ಲಿ ಮಿತಿಯಿಲ್ಲದೆ ಬರೆದಿದ್ದರೆ, ಹೊಣೆಯು 5 ಲಕ್ಷಕ್ಕೆ ನಿಲ್ಲುವುದಿಲ್ಲ. ಭಾರತೀಯ ಪಾಲುದಾರಿಕೆ ಅಧಿನಿಯಮ 1932ರ 25ನೆಯ ಪ್ರಕರಣದಂತೆ ಸಂಸ್ಥೆಯ ಋಣಕ್ಕೆ ಪಾಲುದಾರರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು. ಸಂಸ್ಥೆಯ ಆಸ್ತಿ ಸಾಲದಿದ್ದರೆ ಪಾಲುದಾರರ ಮನೆ, ನಿವೇಶನಗಳಿಗೂ ಬಾಧೆ ತಟ್ಟಬಹುದು. ಒಬ್ಬ ನೌಕರನ ಅಜಾಗ್ರತೆಯಿಂದ ಇಬ್ಬರು ಪಾಲುದಾರರ ಸಂಸಾರಗಳು ಬೀದಿಗೆ ಬೀಳುವ ಸಾಧ್ಯತೆಯನ್ನು ಒಂದು ಸಾಲಿನ ತಿದ್ದುಪಡಿಯಿಂದ ತಡೆಯಬಹುದು. ಹೊಣೆಯ ಗರಿಷ್ಠ ಮೊತ್ತವನ್ನು ಪಾವತಿಸಿದ ಶುಲ್ಕಕ್ಕೋ ಅಥವಾ ಅದರ ನಿರ್ದಿಷ್ಟ ಪಟ್ಟಿಗೋ ಸೀಮಿತಗೊಳಿಸುವಂತೆ ಕೇಳಿಕೊಳ್ಳಬೇಕು. ಸರ್ಕಾರಿ ಸಂಸ್ಥೆಗಳ ಸಿದ್ಧ ನಮೂನೆಗಳಲ್ಲಿ ಬದಲಾವಣೆ ಕಷ್ಟವಾದರೂ ಸಹಿಗೆ ಮುನ್ನ ಬರಹದಲ್ಲಿ ಸ್ಪಷ್ಟನೆ ಪಡೆಯಲು ಅಡ್ಡಿಯಿಲ್ಲ.

ಒಪ್ಪಂದಕ್ಕೆ ಸೂಕ್ತ ಮುದ್ರಾಂಕ ಶುಲ್ಕ ಸಂದಿರಬೇಕು. ಕರ್ನಾಟಕ ಮುದ್ರಾಂಕ ಅಧಿನಿಯಮ 1957ರ 34ನೆಯ ಪ್ರಕರಣದಂತೆ, ಶುಲ್ಕ ಕಡಿಮೆಯಿರುವ ದಸ್ತಾವೇಜನ್ನು ಕೊರತೆ ಮೊತ್ತವನ್ನೂ ದಂಡವನ್ನೂ ಕಟ್ಟುವವರೆಗೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ದಂಡವು ಕೊರತೆಯ 10 ಪಟ್ಟಿನವರೆಗೂ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಕಾದ ದಿನ ಈ ತೊಡಕು ಎದುರಾಗಬಾರದು.

ಕಾರ್ಖಾನೆಯೊಳಗಿನ ಶಿಸ್ತು

ಒಪ್ಪಂದ ಎಷ್ಟೇ ಚೊಕ್ಕವಾಗಿದ್ದರೂ ರಕ್ಷಣೆ ನಿಲ್ಲುವುದು ನಿತ್ಯದ ರೂಢಿಯ ಮೇಲೆ. ನಗದು ನಿರ್ವಹಣೆಯಲ್ಲಿ ಪಾಲಿಸುವ ಶಿಸ್ತನ್ನೇ ಇಲ್ಲಿಯೂ ಅಳವಡಿಸಿಕೊಳ್ಳಬಹುದು. ಅದಕ್ಕೆ ದೊಡ್ಡ ಬಂಡವಾಳವೇನೂ ಬೇಡ.

ಮೊದಲನೆಯದಾಗಿ, ಒಂದು ದಾಖಲೆ ಪುಸ್ತಕವಿರಲಿ. ಯಾವ ಕಡತ, ಯಾವ ದಿನ, ಯಾರಿಂದ ಬಂದಿತು, ಎಷ್ಟು ಪ್ರತಿಗಳಿವೆ, ಯಾರು ಯಾವಾಗ ಪಡೆದು ಯಾವಾಗ ಹಿಂದಿರುಗಿಸಿದರು ಎಂಬುದನ್ನು ಸಹಿಯೊಂದಿಗೆ ನಮೂದಿಸಬೇಕು. ಪ್ರತಿಗಳಿಗೆ ಕ್ರಮಸಂಖ್ಯೆ ಇರಲಿ. ಆರೋಪ ಬಂದಾಗ, ತಮ್ಮಿಂದ ಸೋರಿಕೆಯಾಗಿಲ್ಲವೆಂದು ತೋರಿಸಲು ಉದ್ಯಮಿಯ ಬಳಿ ಇರುವ ಮುಖ್ಯ ಪುರಾವೆ ಈ ಪುಸ್ತಕವೇ. ಟ್ರಿಪ್ಸ್ ಹೇಳುವ ಸಂದರ್ಭೋಚಿತ ಕ್ರಮಗಳಿಗೂ ಇದು ಸಾಕ್ಷಿ.

ಎರಡನೆಯದಾಗಿ, ಕೆಲಸಕ್ಕೆ ಅಗತ್ಯವಿರುವಷ್ಟನ್ನು ಮಾತ್ರ ಆಯಾ ನೌಕರರಿಗೆ ತಿಳಿಸಬೇಕು. ಆಹಾರ ಅಥವಾ ರಾಸಾಯನಿಕ ಘಟಕದಲ್ಲಿ ಮುಖ್ಯ ಪದಾರ್ಥಗಳನ್ನು ಮಾಲೀಕರೋ ನಂಬಿಕಸ್ಥರೋ ಮೊದಲೇ ತೂಗಿ, ಸಂಕೇತ ಸಂಖ್ಯೆಯ ಚೀಲಗಳಲ್ಲಿ ತುಂಬಿಟ್ಟರೆ, ಬೆರಕೆ ಮಾಡುವವರಿಗೆ ಚೀಲಗಳ ಸಂಖ್ಯೆ ತಿಳಿದರೆ ಸಾಕು. ಬ್ಯಾಚ್ ಶೀಟಿನಲ್ಲಿಯೂ ಆ ಸಂಕೇತಗಳೇ ಇರಲಿ. ಆದರೆ ಆಹಾರ ಸುರಕ್ಷತೆ, ಕಾರ್ಮಿಕರ ಆರೋಗ್ಯಕ್ಕೆ ಸಂಬಂಧಿಸಿ ಕಾನೂನಿನಂತೆ ತಿಳಿಸಲೇಬೇಕಾದ ವಿವರವನ್ನು ಗೋಪ್ಯತೆಯ ನೆಪದಲ್ಲಿ ಮರೆಮಾಚಬಾರದು. ಎಂಜಿನಿಯರಿಂಗ್ ಘಟಕದಲ್ಲಿ ಪೂರ್ಣ ಜೋಡಣೆಯ ನಕ್ಷೆಯನ್ನು ಒಬ್ಬರೇ ಜಾಬ್‌ವರ್ಕ್‌ನವರಿಗೆ ಕೊಡದೆ, ಬಿಡಿಭಾಗಗಳ ನಕ್ಷೆಗಳನ್ನು ಬೇರೆ ಬೇರೆಯವರಿಗೆ ಹಂಚಬಹುದು. ಡೆಲಿವರಿ ಚಲನ್‌ನೊಂದಿಗೆ ನಕ್ಷೆಯ ಸಂಖ್ಯೆಯನ್ನೂ ನಮೂದಿಸಿ, ಸರಕು ಬಂದಾಗ ನಕ್ಷೆಯನ್ನೂ ಹಿಂಪಡೆಯಬೇಕು.

ಮೂರನೆಯದಾಗಿ, ಕಂಪ್ಯೂಟರ್. ಲೆಕ್ಕಪತ್ರ ಬರೆಯುವ, ಇಮೇಲ್ ನೋಡುವ ಯಂತ್ರದಲ್ಲಿಯೇ ತಾಂತ್ರಿಕ ಕಡತಗಳನ್ನು ಇಡುವುದು ಸಾಮಾನ್ಯ ರೂಢಿ. ಅವುಗಳಿಗೆ ಇಂಟರ್‌ನೆಟ್ ಸಂಪರ್ಕವಿಲ್ಲದ ಪ್ರತ್ಯೇಕ ಕಂಪ್ಯೂಟರ್ ಇಡುವುದು ಕ್ಷೇಮ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಿದರೆ ಕಡತ ತೆರೆದವರು ಯಾರೆಂದು ಗುರುತಿಸಲಾಗುವುದಿಲ್ಲ. ಪೆನ್‌ಡ್ರೈವ್ ಜೋಡಿಸುವ ಪೋರ್ಟುಗಳನ್ನು ಮುಚ್ಚಿಸಿ. ಹಾರ್ಡ್‌ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ಬದಲಾಯಿಸುವ ತಂತ್ರಾಂಶ ಅಳವಡಿಸಿದರೆ, ಯಂತ್ರವೇ ಕಳುವಾದರೂ ಕಡತವನ್ನು ಓದಲಾಗದು. ಬ್ಯಾಕಪ್ ಪ್ರತಿ ಒಂದು ಇರಲಿ, ಅದು ಬೀಗದ ಕಪಾಟಿನಲ್ಲಿರಲಿ. ನಕ್ಷೆಯ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಕೆಲಸ ಹೇಳುವ ಅಭ್ಯಾಸ ಇಂದು ಎಲ್ಲೆಡೆ ಬೆಳೆದಿದೆ. ಒಮ್ಮೆ ಕಳುಹಿಸಿದ ಚಿತ್ರ ಎಷ್ಟು ಫೋನುಗಳಲ್ಲಿ ಉಳಿಯಿತೆಂದು ಯಾರೂ ಲೆಕ್ಕ ಇಡಲಾರರು. ಇದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಹಾರ್ಡ್‌ಡಿಸ್ಕನ್ನು ಹೊರತೆಗೆದು ನಾಶಪಡಿಸಬೇಕು. ಫೈಲ್ ಅಳಿಸಿದ ಮಾತ್ರಕ್ಕೆ ಅದು ಡಿಸ್ಕಿನಿಂದ ಹೋಗಿಬಿಡುವುದಿಲ್ಲ.

ನಾಲ್ಕನೆಯದಾಗಿ, ನೌಕರರು. ನೇಮಕಾತಿ ಪತ್ರದೊಂದಿಗೆ ಗೋಪ್ಯತಾ ಮುಚ್ಚಳಿಕೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಬರೆಸಿಕೊಳ್ಳಬೇಕು. ಅರ್ಥವಾಗದ ಇಂಗ್ಲಿಷ್ ಪತ್ರಕ್ಕೆ ಹಾಕಿದ ಸಹಿ, ವಿವಾದ ಬಂದಾಗ ಅಷ್ಟು ನೆರವಾಗದು. ಕೆಲಸ ಬಿಡುವ ದಿನ ಕಡತ, ಕೀಲಿ, ಲ್ಯಾಪ್‌ಟಾಪ್ ಹಿಂಪಡೆದು, ಪಾಸ್‌ವರ್ಡ್ ರದ್ದುಪಡಿಸಿ, ಗೋಪ್ಯತೆಯ ಹೊಣೆ ಮುಂದುವರಿಯುವುದನ್ನು ನೆನಪಿಸುವ ಪತ್ರವನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು. ಇದರ ಜೊತೆಗೆ, ನಂಬಿಕೆಯ ಸ್ಥಾನದಲ್ಲಿರುವವರಿಗೆ ತಕ್ಕ ಸಂಬಳ ಕೊಡುವುದೂ ರಕ್ಷಣೆಯ ಒಂದು ಭಾಗವೆಂಬುದನ್ನು ಉದ್ಯಮಿಗಳು ಮನಗಾಣಬೇಕು. ಕಲ್ಯಾಣದ ಸೂಪರ್‌ವೈಸರ್ ಕೋಟಾಕ್ಕೆ ಹೋದುದು ಹೆಚ್ಚಿನ ಸಂಬಳಕ್ಕೆ.

ಲೆಕ್ಕಪತ್ರ ಮತ್ತು ಇಲಾಖಾ ವ್ಯವಹಾರ

ಒಟ್ಟು ಶುಲ್ಕ ಕೊಟ್ಟು ಹಲವು ವರ್ಷಗಳ ಉಪಯೋಗಕ್ಕಾಗಿ ಪಡೆದ ತಾಂತ್ರಿಕ ಜ್ಞಾನವು ಲೆಕ್ಕಪತ್ರ ಮಾನಕ 26ರಂತೆ ಅಮೂರ್ತ ಆಸ್ತಿ. ಮಾರಾಟದ ಮೇಲೆ ಕೊಡುವ ರಾಯಧನ ಆಯಾ ವರ್ಷದ ವೆಚ್ಚ. ವಿದೇಶೀ ಸಂಸ್ಥೆಗೆ ಕೊಡುವ ಶುಲ್ಕದ ಮೇಲೆ ಮೂಲದಲ್ಲಿ ತೆರಿಗೆ ಕಡಿತ, ರಿವರ್ಸ್ ಚಾರ್ಜ್‌ನಡಿ ಜಿಎಸ್‌ಟಿ ಎರಡನ್ನೂ ಪರಿಶೀಲಿಸಬೇಕು. ಗೋಪ್ಯತೆ ಉಲ್ಲಂಘನೆಯ ಆರೋಪದ ಮೇಲೆ ಪರಿಹಾರದ ನೋಟೀಸು ಬಂದಿದ್ದರೆ, ಮಾನಕ 29ರಂತೆ ಸಂಭಾವ್ಯ ಹೊಣೆಯಾಗಿ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ತೋರಿಸಬೇಕೇ ಅಥವಾ ಅದಕ್ಕೆ ಹಣವನ್ನೇ ಮೀಸಲಿಡಬೇಕೇ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಚರ್ಚಿಸಬೇಕು. ನೋಟೀಸನ್ನು ಮರೆಮಾಚಿ ಬ್ಯಾಂಕಿಗೆ ಬ್ಯಾಲೆನ್ಸ್ ಶೀಟ್ ಕೊಡುವುದು ಇನ್ನೊಂದು ತೊಂದರೆಗೆ ಆಹ್ವಾನ.

ಸಾಲ, ಸಹಾಯಧನ, ಅನುಮತಿಗಳಿಗಾಗಿ ಕೊಡುವ ಯೋಜನಾ ವರದಿಗಳಲ್ಲಿ ಪ್ರಕ್ರಿಯೆಯ ಪೂರ್ಣ ವಿವರವನ್ನು ಸೇರಿಸುವ ಪರಿಪಾಠವೂ ಇದೆ. ಸಾಲ ಮಂಜೂರಾತಿಗೆ ಸ್ಥೂಲ ವಿವರ ಸಾಕಾಗುತ್ತದೆ. ಸರ್ಕಾರಿ ಕಚೇರಿಗೆ ಕೊಡಲೇಬೇಕಾದಾಗ ಗೋಪ್ಯ ಪುಟಗಳನ್ನು ಪ್ರತ್ಯೇಕ ಲಕೋಟೆಯಲ್ಲಿಟ್ಟು, ವಾಣಿಜ್ಯ ರಹಸ್ಯವೆಂದು ಬರೆದು ಕೊಡಬೇಕು. ಮಾಹಿತಿ ಹಕ್ಕು ಅಧಿನಿಯಮ 2005ರ 8(1)(ಡಿ) ಪ್ರಕರಣವು ವ್ಯಾಪಾರ ರಹಸ್ಯಗಳಿಗೆ ವಿನಾಯಿತಿ ನೀಡಿದೆಯಾದರೂ, ವಿಶಾಲ ಸಾರ್ವಜನಿಕ ಹಿತವಿದ್ದಲ್ಲಿ ಬಹಿರಂಗಪಡಿಸಲು ಅವಕಾಶವಿದೆ. ಗೋಪ್ಯವೆಂದು ಗುರುತು ಮಾಡಿ ಕೊಟ್ಟಿದ್ದರೆ, 11ನೆಯ ಪ್ರಕರಣದಂತೆ ಬಹಿರಂಗಪಡಿಸುವ ಮುನ್ನ ಮೂರನೆಯ ವ್ಯಕ್ತಿಯ ಅಭಿಪ್ರಾಯವನ್ನು ಕೇಳಬೇಕಾಗುತ್ತದೆ. ಗುರುತು ಮಾಡದ ಕಡತಕ್ಕೆ ಈ ಅನುಕೂಲ ದೊರೆಯುವುದು ಕಷ್ಟ.

ಪರವಾನಗಿ ಮುಗಿದಾಗ

ಒಪ್ಪಂದದ ಅವಧಿ ಮುಗಿದಾಗ ರಾಯಧನ ನಿಲ್ಲುತ್ತದೆ. ಗೋಪ್ಯತೆಯ ಹೊಣೆ ನಿಲ್ಲುವುದಿಲ್ಲ. ದಾಖಲೆ ಪುಸ್ತಕದ ಪ್ರಕಾರ ಪ್ರತಿಯೊಂದು ಪ್ರತಿಯನ್ನೂ ತಾಳೆ ನೋಡಿ ಹಿಂದಿರುಗಿಸಬೇಕು. ಬ್ಯಾಕಪ್‌ನಲ್ಲಿ ಉಳಿದದ್ದನ್ನು, ಜಾಬ್‌ವರ್ಕ್‌ನವರ ಬಳಿ ಇರುವುದನ್ನು ಮರೆಯಬಾರದು. ನಾಶಪಡಿಸಿದ್ದಕ್ಕೆ ಇಬ್ಬರ ಸಹಿಯ ಪ್ರಮಾಣಪತ್ರ ಬರೆದು, ತಂತ್ರಜ್ಞಾನ ನೀಡಿದವರಿಂದ ಸ್ವೀಕೃತಿ ಪಡೆದು ಖಾಯಂ ಕಡತದಲ್ಲಿಡಬೇಕು. ಮುಂದೆಂದಾದರೂ ಅದೇ ಮಾಹಿತಿ ಪೇಟೆಯಲ್ಲಿ ಕಾಣಿಸಿಕೊಂಡರೆ ಉದ್ಯಮಿಯ ನೆರವಿಗೆ ಬರುವುದು ಆ ಸ್ವೀಕೃತಿ ಪತ್ರ.

ಸಂಶೋಧನಾ ಸಂಸ್ಥೆಗಳೂ ದೊಡ್ಡ ಕಂಪನಿಗಳೂ ತಮ್ಮ ಮಾಹಿತಿಯನ್ನು ಯಾರಿಗೆ ಕೊಡಬೇಕೆಂದು ಯೋಚಿಸುವಾಗ ನೋಡುವುದು ಬಂಡವಾಳವನ್ನು ಮಾತ್ರವಲ್ಲ. ಹಿಂದೆ ಪಡೆದುದನ್ನು 10 ವರ್ಷ ಸುರಕ್ಷಿತವಾಗಿಟ್ಟು, ಒಂದು ಪುಟವೂ ತಪ್ಪದೆ ಒಪ್ಪಿಸಿದ ಸಣ್ಣ ಘಟಕಕ್ಕೆ ಮುಂದಿನ ಪರವಾನಗಿ ಸುಲಭವಾಗಿ ದೊರೆಯುತ್ತದೆ. ಹುಂಡಿ ಬಂದ ದಿನ ತಪ್ಪದೆ ಹಣ ತೀರಿಸುತ್ತಿದ್ದ ವರ್ತಕನಿಗೆ ಪೇಟೆಯಲ್ಲಿ ಸಾಖೆ ಇರುತ್ತಿತ್ತು. ತಂತ್ರಜ್ಞಾನದ ವ್ಯವಹಾರದಲ್ಲಿಯೂ ಅದೇ ಸಾಖೆಯನ್ನು ಗಳಿಸಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಬೀಗದ ಒಂದು ಕಪಾಟು, ಒಂದು ದಾಖಲೆ ಪುಸ್ತಕ ಮತ್ತು ಅದನ್ನು ಪ್ರತಿ ತಿಂಗಳೂ ತಾಳೆ ನೋಡುವ ಅಭ್ಯಾಸ. ಪರವಾನಗಿ ಪಡೆದಿರುವ ಉದ್ಯಮಿಗಳು ತಮ್ಮ ಒಪ್ಪಂದದ ಪ್ರತಿಯನ್ನು ಹೊರತೆಗೆದು, ಗೋಪ್ಯತೆ ಹಾಗೂ ನಷ್ಟಭರ್ತಿಯ ಷರತ್ತುಗಳನ್ನು ಈ ತಿಂಗಳೇ ಒಮ್ಮೆ ಓದಿ ನೋಡುವುದು ಒಳಿತು.